ಹಿತ್ತಲಿನ ಅಂಕಣಕ್ಕೆ ಒಂದೇ ಆಟ ಯಜಮಾನನಾಗಲಿ

ಹಿತ್ತಲಿನಲ್ಲಿ ಒಂದಿಷ್ಟು ಜಾಗ ಖಾಲಿ ಇದೆ ಎಂದಾಕ್ಷಣ ಅಲ್ಲಿ ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಟೆನಿಸ್ ಎಲ್ಲವನ್ನೂ ಆಡಬಹುದಾದ ಅಂಕಣವೊಂದನ್ನು ಕಟ್ಟಿಸಿಬಿಡೋಣ ಎಂದು ಹೊರಡುವವರು ಈಗ ಬಹಳ ಮಂದಿ. ಅವರ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಲ್ಲ ಆಟಗಳನ್ನೂ ಸರಿಸಮನಾಗಿ ಕೂರಿಸಲು ಹೋದ ಅಂಕಣದಲ್ಲಿ ಯಾವ ಆಟವನ್ನೂ ನೆಟ್ಟಗೆ ಆಡಲಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯವರು ನಿಜವಾಗಿಯೂ ಹೆಚ್ಚು ಆಡುವ ಒಂದು ಆಟವನ್ನು ಯಜಮಾನನನ್ನಾಗಿ ಮಾಡಿ, ಅದರ ಅಳತೆಗೆ ತಕ್ಕಂತೆ ಅಂಕಣ ಹಾಕಿಸಿ, ಉಳಿದ ಒಂದೋ ಎರಡೋ ಆಟಗಳು ಅದರ ಜೊತೆ ಹೊಂದಿಕೊಂಡು ಹೋಗುವಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ.

ಈ ಲೆಕ್ಕದಲ್ಲಿ ಟೆನಿಸ್ ಮೊದಲೇ ಹೊರಗುಳಿಯುತ್ತದೆ. ಅದರ ಅಂಕಣ 23.77 ಮೀಟರ್ ಉದ್ದ, 10.97 ಮೀಟರ್ ಅಗಲವಿದ್ದು, ಓಡಾಟದ ಜಾಗವೂ ಸೇರಿದರೆ ಸುಮಾರು 120 ಅಡಿಗೆ 60 ಅಡಿ ನೆಲ ಬೇಕಾಗುತ್ತದೆ. ಕಬಡ್ಡಿಯನ್ನು ಕಾಂಕ್ರೀಟಿನ ಮೇಲೆ ಆಡುವ ಯೋಚನೆಯನ್ನಂತೂ ಮೊಣಕಾಲಿನ ಮೇಲೆ ಮಮತೆಯಿರುವವರು ಮಾಡಲಾರರು.

ಚಿಕ್ಕ ಜಾಗದಲ್ಲಿ ಸಲೀಸಾಗಿ ಹೊಂದಿಕೊಳ್ಳುವ ಜೋಡಿಯೆಂದರೆ ಬ್ಯಾಡ್ಮಿಂಟನ್ ಮತ್ತು ಪಿಕಲ್‌ಬಾಲ್, ಅಂದರೆ ಗಟ್ಟಿ ಹಲಗೆಯಂಥ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್‌ನ ಆಚೆಗೆ ಹೊಡೆಯುವ ಆಟ. ಎರಡರ ಅಂಕಣವೂ 44 ಅಡಿ ಉದ್ದ, 20 ಅಡಿ ಅಗಲ. ಇದು ಕಾಕತಾಳೀಯವಲ್ಲ, 1965ರಲ್ಲಿ ಅಮೆರಿಕದ ಸಿಯಾಟಲ್ ಬಳಿಯ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಅವರ ಗೆಳೆಯರು ಪಿಕಲ್‌ಬಾಲ್ ಆಡಲು ಆರಂಭಿಸಿದ್ದೇ ಮನೆಯಂಗಳದ ಒಂದು ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ. ಮೊದಲು ಬ್ಯಾಡ್ಮಿಂಟನ್ ಎತ್ತರದಲ್ಲೇ ಇದ್ದ ನೆಟ್ ಅನ್ನು ಅವರು ಕ್ರಮೇಣ 36 ಇಂಚಿಗೆ ಇಳಿಸಿದರು. ಆದ್ದರಿಂದ ನೆಟ್‌ನ ಎತ್ತರವನ್ನು ಬದಲಿಸಬಹುದಾದ ಒಂದು ಜೊತೆ ಕಂಬಗಳಿದ್ದರೆ ಎರಡು ಆಟಗಳಿಗೂ ಹೊರಗಿನ ಗೆರೆಗಳು ಒಂದೇ. ಪಿಕಲ್‌ಬಾಲ್‌ಗೆ ನೆಟ್‌ನಿಂದ ಎರಡೂ ಬದಿಗೆ 7 ಅಡಿ ದೂರದಲ್ಲಿ ಒಂದೊಂದು ಅಡ್ಡಗೆರೆಯನ್ನು ಹೆಚ್ಚಿಗೆ ಎಳೆದರೆ ಮುಕ್ಕಾಲು ಕೆಲಸ ಮುಗಿದಂತೆ. ತಂಟೆ ಕೊಡುವುದು ಗಾಳಿ. ಐದು ಗ್ರಾಂ ಆಸುಪಾಸಿನ ಶಟಲ್ ಸಣ್ಣ ಗಾಳಿಗೂ ದಾರಿ ತಪ್ಪುತ್ತದೆ. ಬ್ಯಾಡ್ಮಿಂಟನ್ ವಿಶ್ವ ಒಕ್ಕೂಟವು 2019ರಲ್ಲಿ ಹೊರಾಂಗಣಕ್ಕೆಂದೇ ಬೇರೆ ಶಟಲ್ ಮತ್ತು ಬೇರೆ ಅಳತೆಯ ಅಂಕಣವನ್ನು ಪರಿಚಯಿಸಿದ್ದು ಈ ಕಾರಣಕ್ಕೇ. ತೆರೆದ ಹಿತ್ತಲಿನಲ್ಲಿ ಆಡುವವರು ಪಿಕಲ್‌ಬಾಲನ್ನು ಯಜಮಾನನನ್ನಾಗಿ ಮಾಡಿ, ಗಾಳಿಯಿಲ್ಲದ ಸಂಜೆಗಳಿಗೆ ಬ್ಯಾಡ್ಮಿಂಟನ್ ಇಟ್ಟುಕೊಳ್ಳುವುದು ಲೇಸು.

ಬ್ಯಾಸ್ಕೆಟ್‌ಬಾಲ್ ಸೇರಿಸಿದಾಗ ನಿಜವಾದ ಜಗ್ಗಾಟ ಶುರುವಾಗುತ್ತದೆ. ಪಿಕಲ್‌ಬಾಲ್‌ಗೆ ಓಡಾಟದ ಜಾಗ ಸೇರಿ ಸಾಮಾನ್ಯವಾಗಿ ಹೇಳುವ ಅಳತೆ 60 ಅಡಿಗೆ 30 ಅಡಿ, ಅಂದರೆ ಸುಮಾರು 18.3 ಮೀಟರಿಗೆ 9.1 ಮೀಟರ್. ಇದರ ಒಂದು ತುದಿಯಲ್ಲಿ ಬುಟ್ಟಿ ನಿಲ್ಲಿಸಿದೆವು ಎಂದುಕೊಳ್ಳೋಣ. ಅಂತರರಾಷ್ಟ್ರೀಯ ನಿಯಮದ ಮೂರು ಅಂಕದ ಗೆರೆಯು ಬುಟ್ಟಿಯ ಕೇಂದ್ರದಿಂದ 6.75 ಮೀಟರ್ ದೂರ, ಆದರೆ ನಮ್ಮಲ್ಲಿ ಬುಟ್ಟಿಯ ಎಡಕ್ಕೂ ಬಲಕ್ಕೂ ಇರುವುದು ನಾಲ್ಕೂವರೆ ಮೀಟರ್ ಚಿಲ್ಲರೆ ಮಾತ್ರ. ಹೀಗಾಗಿ ಆ ಕಮಾನಿನ ಎರಡೂ ತೋಳುಗಳು ಅಂಕಣದ ಆಚೆ ಹೋಗಿ, ನೆತ್ತಿಯ ಭಾಗವಷ್ಟೇ ಒಳಗೆ ಉಳಿಯುತ್ತದೆ. ಬುಟ್ಟಿಯ ಕೇಂದ್ರವು ಅಂತ್ಯದ ಗೆರೆಗಿಂತ ಸುಮಾರು ಒಂದೂವರೆ ಮೀಟರ್ ಒಳಗಿರುವುದರಿಂದ, ಆ ನೆತ್ತಿಯಾದರೂ ಎಲ್ಲಿ ಬರುತ್ತದೆ ಎಂದರೆ ಅಂತ್ಯದ ಗೆರೆಯಿಂದ 8.3 ಮೀಟರ್ ದೂರದಲ್ಲಿ. ನಡುವಿನ ನೆಟ್ ಇರುವುದು 9.1 ಮೀಟರಿನಲ್ಲಿ. ಮೂರು ಅಂಕಕ್ಕೆ ಗುರಿಯಿಡಲು ಹಿಂದೆ ಸರಿದವನ ಬೆನ್ನು ನೆಟ್‌ಗೆ ತಾಗುತ್ತದೆ. ಆದ್ದರಿಂದ ಬುಟ್ಟಿಯಾಟಕ್ಕೆ ಇಳಿಯುವ ಮೊದಲು ಪ್ರತಿ ಸಲವೂ ನೆಟ್ ಮತ್ತು ಕಂಬಗಳನ್ನು ತೆಗೆಯಲೇಬೇಕು. ಕಂಬಗಳನ್ನು ನೆಲಕ್ಕೆ ಶಾಶ್ವತವಾಗಿ ಹೂಳದೆ, ನೆಲದೊಳಗೆ ಕೊಳವೆ ಕೂರಿಸಿ, ಕಂಬ ತೆಗೆದಾಗ ಅದರ ಬಾಯಿಗೆ ನೆಲಮಟ್ಟದ ಮುಚ್ಚಳ ಹಾಕುವ ವ್ಯವಸ್ಥೆ ಬೇಕು. ಮುಚ್ಚಳ ಒಂದು ಬೆರಳಿನಷ್ಟು ಮೇಲೆದ್ದಿದ್ದರೂ ಯಾರಾದರೊಬ್ಬರು ಎಡವುವುದು ಖಂಡಿತ.

ವಾಲಿಬಾಲ್ ಅಂಕಣ 18 ಮೀಟರಿಗೆ 9 ಮೀಟರ್ ಆಗಿರುವುದರಿಂದ ಇದೇ ನೆಲಕ್ಕೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ, ಆದರೆ ಗೆರೆಗಳು ಕಾಂಕ್ರೀಟಿನ ಅಂಚಿಗೇ ಬರುತ್ತವೆ. ಸರ್ವ್ ಮಾಡುವವನು ನಿಲ್ಲುವುದು ಮಣ್ಣಿನ ಮೇಲೆ. ಸುತ್ತಲಿನ ಮಣ್ಣನ್ನು ಕಾಂಕ್ರೀಟಿನ ಮಟ್ಟಕ್ಕೇ ಏರಿಸದಿದ್ದರೆ ಪಾದ ಉಳುಕುವುದು ಇಲ್ಲಿಯೇ.

ಗೆರೆಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಯಜಮಾನ ಆಟದ ಗೆರೆಗಳು ಬಿಳಿಯಾಗಿ ಎದ್ದು ಕಾಣಲಿ. ಎರಡನೆಯ ಆಟಕ್ಕೆ ನೆಲದ ಬಣ್ಣಕ್ಕೆ ಹತ್ತಿರವಾದ ಮಂಕು ಬಣ್ಣ ಸಾಕು. ಮೂರನೆಯದಕ್ಕೆ ಮೂಲೆಗಳಲ್ಲಿ ಗುರುತು ಹಾಕಿ, ಆಡುವ ದಿನ ಟೇಪ್ ಅಂಟಿಸಿಕೊಂಡರಾಯಿತು. ನಾಲ್ಕು ಬಣ್ಣಗಳ ಗೆರೆಗಳು ಒಂದರ ಮೇಲೊಂದು ಹಾಯ್ದ ನೆಲದಲ್ಲಿ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳಕ್ಕೇ ಅರ್ಧ ಹೊತ್ತು ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹಣ ಮತ್ತು ಗಮನ ಎರಡೂ ಹೆಚ್ಚು ಸಲ್ಲಬೇಕಾದದ್ದು ಕಣ್ಣಿಗೆ ಕಾಣದ ಕೆಳಪದರಕ್ಕೆ. ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿ, ಜಲ್ಲಿಯ ಹಾಸು ಕೊಟ್ಟು, ಅದರ ಮೇಲೆ ಕನಿಷ್ಠ 4 ಇಂಚು ಕಾಂಕ್ರೀಟ್ ಹಾಕಬೇಕು. ನೀರು ಹರಿದುಹೋಗಲು ನೂರಕ್ಕೆ ಒಂದರಷ್ಟು ಇಳಿಜಾರು, ಅದೂ ಒಂದೇ ದಿಕ್ಕಿಗೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಇರಬೇಕು. 9 ಮೀಟರ್ ಅಗಲಕ್ಕೆ 9 ಸೆಂಟಿಮೀಟರ್ ಇಳಿದರೆ ಆಡುವವರಿಗೆ ಅದು ತಿಳಿಯುವುದೂ ಇಲ್ಲ. ನಡುವೆ ದಿಬ್ಬ ಮಾಡಿ ಎರಡೂ ಕಡೆಗೆ ಇಳಿಸುವ ಮೇಸ್ತ್ರಿಗಳಿದ್ದಾರೆ, ಅದಕ್ಕೆ ಒಪ್ಪಬೇಡಿ. ಅಕ್ರಿಲಿಕ್ ಬಣ್ಣ ಬಳಿಯುವುದಾದರೆ ಕಾಂಕ್ರೀಟ್ ಹಾಕಿ 28 ದಿನ ಕಾಯುವುದು ವಾಡಿಕೆ. ಬಳಿಯುವ ಮುನ್ನ ಇಡೀ ನೆಲಕ್ಕೆ ನೀರು ಬಿಟ್ಟು, ಒಂದು ಗಂಟೆ ಬಿಸಿಲಿಗೆ ಬಿಟ್ಟು ನೋಡಿ. ಎಲ್ಲಾದರೂ ನಾಣ್ಯ ಮುಳುಗುವಷ್ಟು ನೀರು ನಿಂತಿದ್ದರೆ ಆ ತಗ್ಗಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಆಗಲೇ ತುಂಬಿಸಬೇಕು, ಏಕೆಂದರೆ ಬಣ್ಣ ತಗ್ಗನ್ನು ಮುಚ್ಚುವುದಿಲ್ಲ. ಒಂದಕ್ಕೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ಟೈಲ್ಸ್ ಹಾಸಿದರೆ ಇದೆಲ್ಲ ಬೇಡ ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಟೈಲ್ಸ್ ಸಂದಿಯಿಂದ ಇಳಿದ ನೀರು ಕೆಳಗಿನ ಕಾಂಕ್ರೀಟಿನ ಮೇಲೆಯೇ ಹರಿಯಬೇಕಲ್ಲವೇ?

ಉದ್ದ ಉತ್ತರ-ದಕ್ಷಿಣವಾಗಿರಲಿ, ಇಲ್ಲವಾದರೆ ಬೆಳಗ್ಗೆ ಒಬ್ಬನ ಕಣ್ಣಿಗೆ, ಸಂಜೆ ಇನ್ನೊಬ್ಬನ ಕಣ್ಣಿಗೆ ಸೂರ್ಯ ಕುಕ್ಕುತ್ತಾನೆ. ಪಿಕಲ್‌ಬಾಲಿನ ಟಕ್ ಟಕ್ ಸದ್ದು ಬಹಳ ದೂರ ಕೇಳಿಸುವುದರಿಂದ, ಅಂಕಣವು ಪಕ್ಕದ ಮನೆಯ ಮಲಗುವ ಕೋಣೆಗೆ ಅಂಟಿಕೊಂಡಿದ್ದರೆ ನೆರೆಯವರೊಂದಿಗೆ ಮೊದಲೇ ಮಾತಾಡಿ. ದೀಪದ ಕಂಬಗಳು ಆಟಗಾರರ ಎದುರಿಗೆ ಬೇಡ, ಉದ್ದದ ಬದಿಗಳಲ್ಲಿ ಇರಲಿ. ದೀಪ ಈಗಲೇ ಹಾಕಿಸದಿದ್ದರೂ ತಂತಿ ಎಳೆಯುವ ಪೈಪನ್ನು ಕಾಂಕ್ರೀಟ್ ಸುರಿಯುವ ಮುಂಚೆ ಹೂತು, ಅದು ಎಲ್ಲಿ ಹಾದುಹೋಗಿದೆ ಎಂಬುದರ ಫೋಟೋ ತೆಗೆದಿಟ್ಟುಕೊಳ್ಳಿ.