ಹಗ್ಗ ಎಳೆದರೂ ಚಾಲೂ ಆಗದ ಇಂಜಿನ್: ಓಹಾಯೋದ ರೀತಿ, ವಿಜಯಪುರದ ರೀತಿ

ಚಳಿಗಾಲವಿಡೀ ಗ್ಯಾರೇಜಿನ ಮೂಲೆಯಲ್ಲಿ ನಿಂತ ಹುಲ್ಲು ಕತ್ತರಿಸುವ ಯಂತ್ರ ಏಪ್ರಿಲ್‌ನಲ್ಲಿ ಹಗ್ಗ ಎಷ್ಟು ಎಳೆದರೂ ಚಾಲೂ ಆಗುವುದಿಲ್ಲ. ಇಲ್ಲಿ, ಅಮೆರಿಕದ ಓಹಾಯೋದಲ್ಲಿ, ಇದಕ್ಕೆ ಎರಡೇ ಮದ್ದು ಎಂದು ನಮ್ಮವರೂ ನಂಬಿಬಿಟ್ಟಿದ್ದಾರೆ: ಆನ್‌ಲೈನ್‌ನಲ್ಲಿ ಹೊಸ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ತರಿಸುವುದು, ಇಲ್ಲವೇ ಹೊಸ ಯಂತ್ರವನ್ನೇ ಕೊಳ್ಳುವುದು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ, ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ದ್ರಾಕ್ಷಿಗೆ ಔಷಧ ಹೊಡೆಯಬೇಕಾದ ಹೊತ್ತಿಗೆ ಪಂಪಿನ ಇಂಜಿನ್ ಹೀಗೇ ಕೈಕೊಟ್ಟರೆ ಮಿಸ್ತ್ರಿ ಮೊದಲು ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. "ಒಣಾ ಐತಿ, ಪೆಟ್ರೋಲ್ ಬರವಲ್ದು" ಎನ್ನುತ್ತಾನೆ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಈ ನೋಡುವ ಕ್ರಮವನ್ನು ನಾವು ಊರಿನಿಂದ ಇಲ್ಲಿಗೆ ತರಬೇಕು, ಅಳೆಯುವ ಕ್ರಮವನ್ನು ಇಲ್ಲಿಂದ ಊರಿಗೆ ಒಯ್ಯಬೇಕು. ನನ್ನ ಅನಿಸಿಕೆ ಇಷ್ಟೇ. ಆದರೆ ಇದು ಬರೀ ಮಾತಿನಲ್ಲಿ ತಿಳಿಯುವಂಥದ್ದಲ್ಲ, ಇಂಜಿನ್ ಮುಂದೆ ಕೂತೇ ನೋಡಬೇಕು.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್‌ವರೆಗೆ ಹೋಗಿಲ್ಲ. ಹಸಿಯಾಗಿ ಘಾಟು ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಆದರೆ ಕಿಡಿ ಇಲ್ಲ, ಇಲ್ಲವೇ ಚೋಕ್ ಹಾಕಿ ಹಗ್ಗ ಜಾಸ್ತಿ ಎಳೆದಾಗಿದೆ. ಒಣಗಿದ್ದರೆ ಪ್ಲಗ್ಗಿನ ತೂತಿನಲ್ಲಿ ಅರ್ಧ ಚಮಚ ಹೊಸ ಪೆಟ್ರೋಲ್ ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿದು ಹಗ್ಗ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತರೆ ಕಿಡಿಯೂ ಸರಿ, ಕಂಪ್ರೆಷನ್ನೂ (ಸಿಲಿಂಡರಿನೊಳಗಿನ ಒತ್ತಡ) ಸರಿ, ದೋಷವಿರುವುದು ಪೆಟ್ರೋಲ್ ಬರುವ ದಾರಿಯಲ್ಲಿ. ಕಾರ್ಬೊರೇಟರ್ ಆರ್ಡರ್ ಮಾಡುವ ಮೊದಲು ಈ ಒಂದು ಪರೀಕ್ಷೆ ಮಾಡದವರೇ ಇಲ್ಲಿ ಹೆಚ್ಚು.

ಕಿಡಿ ನೋಡುವಾಗ ಊರಿನ ಕೈಗೆ ಇಲ್ಲೊಂದು ತೊಡಕಿದೆ. ಇಲ್ಲಿನ ತಳ್ಳುವ ಯಂತ್ರದ ಹಿಡಿಕೆಗೆ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿ ಹಿಡಿಯದಿದ್ದರೆ ಕಿಡಿಗೆ ಕರಂಟ್ ಕೊಡುವ ಕಾಯಿಲ್‌ನ ಕರಂಟ್ ನೇರ ಅರ್ತ್‌ಗೆ ಹೋಗುತ್ತದೆ, ಬ್ರೇಕ್ ಪಟ್ಟಿ ಫ್ಲೈವೀಲನ್ನೂ (ಇಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಹಿಡಿದಿರುತ್ತದೆ. ಊರಿನ ಔಷಧದ ಪಂಪಿಗೆ ಇದಿಲ್ಲ, ಹಾಗಾಗಿ ಲಿವರ್ ಬಿಟ್ಟು ಪರೀಕ್ಷಿಸಿ ಕಾಯಿಲ್ ಸತ್ತಿದೆ ಎಂದುಕೊಳ್ಳುವುದು ಸುಲಭ. ಲಿವರಿನ ಕೇಬಲ್ ಹಿಗ್ಗಿದ್ದರೂ ಇದೇ ಲಕ್ಷಣ. ಇನ್ನು ಪ್ಲಗ್ಗನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ ಕಿಡಿ ನೋಡುವ ನಮ್ಮ ರೂಢಿ ಬಿಡಲೇಬೇಕು. ತೆರೆದ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಬಲ್ಬ್ ಇರುವ ಸ್ಪಾರ್ಕ್ ಟೆಸ್ಟರ್‌ಗೆ ಹೆಚ್ಚು ಬೆಲೆಯಿಲ್ಲ.

ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಊರಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡುತ್ತಾರೆ. ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ., ಬೈಕಿಗೆ ಅದು ನಡೆಯುತ್ತದೆ. ಇಲ್ಲಿನ ಯಂತ್ರಗಳಲ್ಲಿರುವ ಬ್ರಿಗ್ಸ್ ಕಂಪನಿಯ ಇಂಜಿನ್ನುಗಳಿಗೆ ಸಾಮಾನ್ಯವಾಗಿ 0.76, ಹೋಂಡಾ ಜಿಸಿವಿ ಮಾದರಿಯ ಇಂಜಿನ್ನುಗಳಿಗೆ 0.7ರಿಂದ 0.8 ಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಟ್ಟು ನೋಡುವ ಇಲ್ಲಿನ ಶಿಸ್ತು ಸರಿ.

ಈಗ ಕಾರ್ಬೊರೇಟರ್. ತಪ್ಪು ಹೆಚ್ಚು ಸಲ ಇಲ್ಲೇ ಇರುವುದು. ಪೆಟ್ರೋಲ್ ಪೈಪನ್ನು ಇಕ್ಕಳದಿಂದ ಅಮುಕಿ, ಕೆಳಗೊಂದು ಡಬ್ಬಿ ಇಟ್ಟು, ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ಬೋಲ್ಟ್ ಬಿಚ್ಚಿ. ಬಟ್ಟಲಿನ ತಳದಲ್ಲಿ ಬಿಳಿ ಪುಡಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್ಟಿನ ಮೇಲೆ ಹಸಿರು ಜಿಗಟು, ಹಳೇ ವಾರ್ನಿಶ್ಶಿನ ವಾಸನೆ. ಕೆಲವು ಬ್ರಿಗ್ಸ್ ಮಾದರಿಗಳಲ್ಲಿ ಆ ಬೋಲ್ಟೇ ಜೆಟ್. ಅದರ ಮಗ್ಗುಲಲ್ಲಿ ಕೂದಲೆಳೆಯಷ್ಟು ತೂತಿರುತ್ತದೆ, ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಇದನ್ನು ಉಕ್ಕಿನ ತಂತಿಯಿಂದ ಚುಚ್ಚುವುದು ನಮ್ಮ ಗ್ಯಾರೇಜುಗಳ ದೊಡ್ಡ ತಪ್ಪು. ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಇಂಜಿನ್ ಮುಂದೆ ಯಾವಾಗಲೂ ಕಪ್ಪು ಹೊಗೆ ಬಿಡುತ್ತದೆ. ವೈರಿನ ಒಂದೇ ಎಳೆ ತಾಮ್ರ ಮತ್ತು ಕಾರ್ಬ್ ಕ್ಲೀನರ್ ಸಾಕು. ಬಟ್ಟಲಿಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟಿನ (ತೇಲುವ ಬುರುಡೆಯ) ಸೂಜಿ ಅಂಟಿಕೊಂಡಿದೆಯೇ ನೋಡಿ, ಬಟ್ಟಲಿನ ರಬ್ಬರ್ ರಿಂಗ್ ಊದಿದ್ದರೆ ಅದನ್ನಷ್ಟೇ ಬದಲಿಸಿ. ಅರ್ಧ ಗಂಟೆಯ ಕೆಲಸ. ಇದಕ್ಕಾಗಿ ಇಡೀ ಕಾರ್ಬೊರೇಟರ್ ಕಸಕ್ಕೆ ಎಸೆಯುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ.

ಬಿಡಿಭಾಗ ಕೊಳ್ಳಲೇಬೇಕಾದ ಜಾಗವೂ ಒಂದಿದೆ. ಬ್ಲೇಡು ಕಲ್ಲಿಗೋ ಬೇರಿಗೋ ಬಡಿದು ಇಂಜಿನ್ ನಿಂತಿದ್ದರೆ ಫ್ಲೈವೀಲು ಇಂಜಿನ್ನಿನ ತಿರುಗುವ ದಂಡದ (ಕ್ರ್ಯಾಂಕ್‌ಶಾಫ್ಟ್) ಮೇಲೆ ಜಾರದಂತೆ ಹಿಡಿಯುವ ಸಣ್ಣ ಕೀಲಿ ನೋಡಿ. ಬ್ರಿಗ್ಸ್ ಇಂಜಿನ್ನುಗಳಲ್ಲಿ ಅದು ಮೆತ್ತನೆಯ ಲೋಹದ್ದು. ಅದು ಅರ್ಧ ಕತ್ತರಿಸಿದರೂ ಕಿಡಿ ಹೊತ್ತುವ ಟೈಮಿಂಗ್ ತಪ್ಪಿ ಹಗ್ಗ ಕೈಗೆ ಜೋರಾಗಿ ಹಿಂದಕ್ಕೆ ಜಗ್ಗುತ್ತದೆ. ಬೆಳಗಾವಿಯ ಉದ್ಯಮಬಾಗದ ಲೇಥ್ ಕಾರ್ಮಿಕನಿಗೆ ಅಂಥದೊಂದು ಉಕ್ಕಿನ ಕೀಲಿ ಮಾಡುವುದು ಏನೂ ಕಷ್ಟವಲ್ಲ, ಆದರೆ ಮಾಡಿಸಬಾರದು. ಮುಂದಿನ ಪೆಟ್ಟಿಗೆ ಕೀಲಿಯ ಬದಲು ಕ್ರ್ಯಾಂಕ್‌ಶಾಫ್ಟಿನ ಕೀಲಿ ಕೂರುವ ಕಚ್ಚೇ ಹಾಳಾದೀತು. ಕೀಲಿ ತೆಗೆಯುವ ಮೊದಲು ಬ್ಲೇಡಿನ ಬೋಲ್ಟ್ ಸಡಿಲವಾಗಿದೆಯೇ ನೋಡಿ, ಅದೂ ಹಗ್ಗವನ್ನು ಹೀಗೇ ಜಗ್ಗಿಸುತ್ತದೆ. ಬ್ಲೇಡ್ ಮುಟ್ಟುವ ಮುನ್ನ ಪ್ಲಗ್ಗಿನ ವೈರ್ ಕಳಚಲೇಬೇಕು. ಯಂತ್ರ ಮಲಗಿಸುವಾಗ ಕಾರ್ಬೊರೇಟರ್ ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಆಯಿಲ್ ಏರ್ ಫಿಲ್ಟರಿಗೆ ಇಳಿದು ಹೊಸ ತಂಟೆ ಶುರುವಾಗುತ್ತದೆ.

ಚಾಲೂ ಆಗಿ ಹತ್ತು ನಿಮಿಷಕ್ಕೆ ನಿಲ್ಲುವುದು ಬೇರೆ ರೋಗ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ ಮತ್ತೆ ಎಳೆಯಿರಿ. ಓಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ.

ಎರಡೂ ಕಡೆ ಸೋಲುವುದು ಪೆಟ್ರೋಲ್ ಇಡುವುದರಲ್ಲಿ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10 ಎಥೆನಾಲ್ ಇದ್ದರೆ ಭಾರತದಲ್ಲಿ ಅದು 2025ರ ಹೊತ್ತಿಗೆ ಶೇ. 20 ಮುಟ್ಟಿದೆ. ಮುಧೋಳ, ಜಮಖಂಡಿ, ಅಥಣಿಯ ಕಬ್ಬು ಬೆಳೆಯುವ ನಮ್ಮ ರೈತರಿಗೆ ಎಥೆನಾಲ್ ಒಳ್ಳೆಯ ಬೆಲೆಯ ದಾರಿ, ಅದನ್ನು ದೂರುವುದಿಲ್ಲ. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಂದು ಪದರವಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರಿಗೆ ಮೊದಲು ಹೋಗುವುದು ಆ ತಳದ್ದೇ. ಕಳೆ ಕತ್ತರಿಸುವ ಟು-ಸ್ಟ್ರೋಕ್ ಯಂತ್ರಕ್ಕೆ ಇದು ಇನ್ನೂ ಕೆಟ್ಟದ್ದು: ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ತಳದ ಆಯಿಲ್ ಇಲ್ಲದ ಪದರ ಪಿಸ್ಟನ್ನಿಗೆ ಹೋಗಿ ಅದು ಜಾಮ್ ಆಗುತ್ತದೆ.

ಕ್ಯಾನಿನ ಮೇಲೆ ಪೆಟ್ರೋಲ್ ತಂದ ತಾರೀಖು ಬರೆಯಿರಿ. ಮೂವತ್ತು ದಿನ ದಾಟಿದ್ದನ್ನು ಈ ಸಣ್ಣ ಇಂಜಿನ್ನಿಗೆ ಹಾಕಬೇಡಿ. ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸುವುದಾದರೆ ತಂದ ದಿನವೇ ಬೆರೆಸಿ, ಹಾಳಾದ ಪೆಟ್ರೋಲನ್ನು ಅದು ಸರಿ ಮಾಡದು. ಇಲ್ಲಿ ಅಕ್ಟೋಬರ್ ಕೊನೆಗೆ, ಅಲ್ಲಿ ದ್ರಾಕ್ಷಿ ಕೊಯ್ಲಾದ ಮೇಲೆ, ಟ್ಯಾಂಕ್ ಖಾಲಿ ಮಾಡಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬಟ್ಟಲಿನ ತಳದಲ್ಲಿ ಆಗಲೂ ಸ್ವಲ್ಪ ಉಳಿದಿರುತ್ತದೆ, ಇಂಜಿನ್ ಆರಿದ ಮೇಲೆ ಬೋಲ್ಟ್ ಸಡಿಲಿಸಿ ಅದನ್ನೂ ಇಳಿಸಿಬಿಡಿ.