ಮೈಬಣ್ಣ ವಂಶದ ಅಳತೆಗೋಲಲ್ಲ

ಮಿಶ್ರ ಜನಾಂಗದ ಮಗುವಿಗೆ ಯಾವಾಗಲೂ ಅಪ್ಪ-ಅಮ್ಮನ ಬಣ್ಣಗಳ ನಟ್ಟನಡುವಿನ ಬಣ್ಣ ಬರುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ಇದು ಸರಿಯಲ್ಲ. ಮೈಬಣ್ಣವನ್ನು ತೀರ್ಮಾನಿಸುವುದು ಒಂದು ಜೀನ್ ಅಲ್ಲ. ಎಸ್‌ಎಲ್‌ಸಿ24ಎ5, ಓಸಿಎ2 ಥರದ ಹಲವಾರು ಜೀನುಗಳು. ಅಪ್ಪ-ಅಮ್ಮ ಇಬ್ಬರೂ ಮಿಶ್ರ ಮೂಲದವರಾದರೆ ಈ ಜೀನುಗಳು ಪ್ರತಿ ಮಗುವಿಗೂ ಬೇರೆ ಬೇರೆ ರೀತಿ ಹಂಚಿಹೋಗುತ್ತವೆ. ಹಾಗಾಗಿಯೇ ಒಂದೇ ಬಸಿರಿನ ಅವಳಿಗಳಲ್ಲೂ (ಎರಡು ಬೇರೆ ಬೇರೆ ಅಂಡಗಳಿಂದ ಹುಟ್ಟಿದವರಲ್ಲಿ) ಒಬ್ಬರು ಬೆಳ್ಳಗೆ, ಇನ್ನೊಬ್ಬರು ಕಪ್ಪಗೆ ಇರಬಹುದು. ಅಜ್ಜ-ಅಜ್ಜಿಯರಲ್ಲಿ ಒಬ್ಬೊಬ್ಬರಿಂದ ಬರುವ ಜೀನುಗಳ ಪಾಲು ಸರಾಸರಿ 25%. ಲೆಕ್ಕ ಹಾಕಿದ ಹಾಗೆ ಅಷ್ಟೇ ಬರುವುದಿಲ್ಲ. ಹುಟ್ಟಿದ ದಿನದ ಬಣ್ಣ ನೋಡಿ ತೀರ್ಪು ಕೊಡುವುದಂತೂ ಬೇಡವೇ ಬೇಡ. ಮೈಗೆ ಬಣ್ಣ ಕೊಡುವ ಮೆಲನಿನ್ ಪೂರ್ತಿ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕು.

ರೂಪ ನೋಡಿ ಗುರುತು ಹಚ್ಚಿದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾ ಕಂಡಿದೆ. ಜನರನ್ನು ಜನಾಂಗದ ಪ್ರಕಾರ ವಿಂಗಡಿಸಿದ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯ ಕಾಲದಲ್ಲಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯರು, ಸಿಕ್ಕಿಕೊಂಡರೆ ಅಲ್ಲ! ಒಂದೇ ಹೆತ್ತವರ ಮಕ್ಕಳಲ್ಲೂ ಕೂದಲಿನ ಗುಂಗುರು ಬೇರೆ ಬೇರೆ ಇರಬಹುದಾದ್ದರಿಂದ ಒಂದೇ ಮನೆಯವರು ಬೇರೆ ಬೇರೆ ವರ್ಗಕ್ಕೆ ಸೇರಿ, ಕುಟುಂಬಗಳೇ ಒಡೆದವು. ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಿಕೊಳ್ಳಲು ಅವಕಾಶ ಸಿಕ್ಕಿದ್ದೇ 2000ದಲ್ಲಿ. ಗುರುತನ್ನು ಹೇಳಬೇಕಾದವರು ಆ ವ್ಯಕ್ತಿಯೇ, ನೋಡುವವರಲ್ಲ.