ಕೆಂಪು ಅಳಿಲಿಗಾಗಿ ಕಾಳಿನ ಡಬ್ಬಿ ತೆಗೆದವರು

ಲಿವರ್‌ಪೂಲ್ ಹತ್ತಿರ ಫಾರ್ಂಬಿ ಅಂತ ಕಡಲ ದಂಡೆಯ ಊರಿದೆ. ಅಲ್ಲಿನ ಪೈನ್ ತೋಪಿನಲ್ಲಿ ಬ್ರಿಟನ್ನಿನ ಸ್ವಂತ ಕೆಂಪು ಅಳಿಲುಗಳು ಇನ್ನೂ ಉಳಿದಿವೆ. ಮುಂಗಾಲಲ್ಲಿ ಪೈನ್ ಕಾಯಿ ಹಿಡಿದು, ತಿರುಗಿಸುತ್ತಾ ಒಂದೊಂದೇ ಸಿಪ್ಪೆ ಕಿತ್ತು ಬೀಜ ತಿನ್ನುತ್ತವೆ. ಮರದ ಬುಡದಲ್ಲಿ ಬಿದ್ದ ಬೋಳು ದಿಂಡು ನೋಡಿಯೇ ಮೇಲೆ ಅಳಿಲಿದೆ ಅಂತ ಹೇಳಬಹುದು.

ಇಂಗ್ಲೆಂಡಿನ ಬಹುಪಾಲು ಕಡೆ ಈಗ ಆ ಭಾಗ್ಯ ಇಲ್ಲ. ಉತ್ತರ ಅಮೆರಿಕದ ಬೂದು ಅಳಿಲನ್ನು ಶ್ರೀಮಂತರು ತೋಟದ ಅಂದಕ್ಕೆಂದು ತಂದು ಬಿಟ್ಟರು. 1876ರಲ್ಲಿ ಚೆಷೈರಿನಲ್ಲಿ ಬಿಟ್ಟದ್ದು ಮೊದಲ ದಾಖಲೆ. ಬಂಡೀಪುರವನ್ನು ಮುಚ್ಚಿಹಾಕುತ್ತಿರುವ ಲಂಟಾನ ಕೂಡ ಹೀಗೇ ಅಂದದ ಗಿಡವಾಗಿ ನಮ್ಮಲ್ಲಿಗೆ ಬಂದದ್ದು, ಅಲ್ವಾ? ಬೂದು ಅಳಿಲು ಮೈಯಲ್ಲಿ ದೊಡ್ಡದು. ಓಕ್ ಕಾಯಿ ಬಲಿಯುವ ಮೊದಲೇ ತಿಂದು ಅರಗಿಸಿಕೊಳ್ಳುತ್ತದೆ. ಕೆಂಪು ಅಳಿಲಿಗೆ ಅದು ಅಷ್ಟಾಗಿ ಅರಗುವುದಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಅಳಿಲು ಸಿಡುಬಿನದು. ಬೂದು ಅಳಿಲು ಆ ವೈರಸ್ ಹೊತ್ತುಕೊಂಡೇ ಆರಾಮಾಗಿ ಓಡಾಡುತ್ತದೆ. ಕೆಂಪಿಗೆ ತಗುಲಿದರೆ ಕಣ್ಣು, ಬಾಯಿ ಸುತ್ತ ಹುಣ್ಣೆದ್ದು, ತಿನ್ನಲಾಗದೆ ಸಾಮಾನ್ಯವಾಗಿ ಎರಡು ವಾರದೊಳಗೆ ಸಾಯುತ್ತದೆ. 2008ರಲ್ಲಿ ಫಾರ್ಂಬಿ ಸುತ್ತ ನೂರಕ್ಕೆ 80ಕ್ಕೂ ಹೆಚ್ಚು ಕೆಂಪು ಅಳಿಲು ಹೀಗೇ ಹೋದವು. ಅಳಿದುಳಿದವುಗಳಿಂದ ಮತ್ತೆ ಸಂತತಿ ಬೆಳೆಯಬೇಕಾಯಿತು.

ಸಿಡುಬಿನ ಸುದ್ದಿ ಬಂದರೆ ನಾನೀಗ ಇರುವ ಈ ಕಡೆಯ ಸಂರಕ್ಷಣಾ ಗುಂಪುಗಳು ಮೊದಲು ಹೇಳುವುದು, ಹಿತ್ತಲಲ್ಲಿ ನೇತುಹಾಕಿದ ಕಾಳಿನ ಡಬ್ಬಿ ತೆಗೆಯಿರಿ ಅಂತ. ಹತ್ತಾರು ಅಳಿಲು ಒಂದೇ ಡಬ್ಬಿಗೆ ಬಾಯಿ ಹಾಕಿದರೆ ರೋಗ ಹಬ್ಬುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಡಬ್ಬಿಯನ್ನು ಔಷಧಿ ನೀರಲ್ಲಿ ತೊಳೆದು, ಒಣಗಿಸಿ ಶೆಡ್ಡಿನಲ್ಲಿಟ್ಟರು. ಅಳಿಲು ಬಂದು ಖಾಲಿ ಕೊಕ್ಕೆ ಮೂಸಿ ಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಸುಮ್ನೆ ನಿಲ್ಲುತ್ತಿದ್ದರು. ಅವರಿಗೆ ಸಂಕಟ ಆಗುತ್ತಿತ್ತು. ಆದರೂ ಡಬ್ಬಿ ಹೊರಗೆ ಬರಲಿಲ್ಲ.

ನಮ್ಮ ಕಡೆ ತಿನ್ನಿಸಿದರೆ ಪುಣ್ಯ. ಚಾಮುಂಡಿ ಬೆಟ್ಟದ ಕೋತಿಗೆ ಬಾಳೆಹಣ್ಣು, ಪಾರಿವಾಳಕ್ಕೆ ಜೋಳ. ಬೇಡ ಅಂದವರನ್ನೇ ಕಲ್ಲುಮನಸ್ಸಿನವರು ಅಂತೀವಿ. ಆ ಕರುಣೆ ಸುಳ್ಳಲ್ಲ. ಆದರೆ ಕೋತಿ ಕಾಡಿನ ಮೇವು ಬಿಟ್ಟು ರಸ್ತೆ ಬದಿ ಕಾದು ಕೂತು ಕಾರಿನಡಿ ಸಿಗುವುದಕ್ಕೂ ನಮ್ಮ ಹಣ್ಣಿಗೂ ಸಂಬಂಧ ಇದೆ. ಈ ವಿಷಯದಲ್ಲಿ ಆ ಅಜ್ಜಿಯ ರೀತಿಯೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬೂದು ಅಳಿಲನ್ನು ಬೋನಿಟ್ಟು ಹಿಡಿದು ಕೊಲ್ಲುವ ಮಾತಿಗೆ ಮಾತ್ರ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ರಾಮ ಬೆನ್ನು ಸವರಿದ ಅಳಿಲಿನ ಕಥೆ ಕೇಳಿ ಬೆಳೆದವರು ನಾವು. ಆದರೆ ವೇಲ್ಸಿನ ಆಂಗಲ್ಸಿ ದ್ವೀಪವನ್ನು ನೋಡಿ. 1998ರ ಹೊತ್ತಿಗೆ ಅಲ್ಲಿ ಉಳಿದಿದ್ದವು 40ರ ಆಸುಪಾಸು ಕೆಂಪು ಅಳಿಲು ಮಾತ್ರ. ವರ್ಷಗಟ್ಟಲೆ ಬೂದು ಅಳಿಲನ್ನು ಹಿಡಿದು ತೆಗೆದ ಮೇಲೆ ಕೆಂಪು ನೂರಾರಾದವು. ಐರ್ಲೆಂಡಿನಲ್ಲಿ ಇನ್ನೊಂದು ದಾರಿ ಕಂಡಿದೆ. ಅಲ್ಲಿ ಅಳಿಲನ್ನು ಬೇಟೆಯಾಡುವ ಪೈನ್ ಮಾರ್ಟನ್ ಎಂಬ ಪ್ರಾಣಿ ಮತ್ತೆ ಹೆಚ್ಚಿದ ಕಡೆ ಬೂದು ಅಳಿಲು ಕಡಿಮೆಯಾಗಿ ಕೆಂಪು ವಾಪಸ್ ಬಂದಿದೆ. ಇಂಗ್ಲೆಂಡಿನ ಕಾಡುಗಳಲ್ಲೂ ಅದು ಜಾಸ್ತಿಯಾದರೆ ಬೋನಿನ ಕೆಲಸ ಅಷ್ಟರಮಟ್ಟಿಗೆ ತಗ್ಗೀತು. ಅಲ್ಲಿಯವರೆಗೆ ಬೋನು ಇರಲಿ ಅಂತಲೇ ನನ್ನ ಅಭಿಪ್ರಾಯ.